ಕಲೆ ಇದೆ, ಕಾಯಿಲೆ ಇಲ್ಲ

ಸುಹಾಸ, ಅನಘಾ, ನಮ್ಮ ಚಾಮರಾಜಪೇಟೆ ಮನೆಯ ಮಹಡಿ ಅಮ್ಮನ ಮುಖ ನಿಮಗೆ ನೆನಪಿರಲಾರದು. ಹಣೆಯಿಂದ ಗದ್ದದವರೆಗೂ ಸಿಡುಬಿನ ಗುಳಿಗಳು, ಮೊದಲ ಮಳೆಹನಿ ಬಿದ್ದ ಧೂಳಿನ ಅಂಗಳದ ಹಾಗೆ. ದಪ್ಪಗೆ ಪೌಡರ್ ಹಚ್ಚದೆ ಅವರು ಬಾಗಿಲಿಗೂ ಬರುತ್ತಿರಲಿಲ್ಲ. ಯಾರಾದರೂ ಫೋಟೊ ತೆಗೆಯಲು ಬಂದರೆ ಸೆರಗನ್ನು ಕೆನ್ನೆಗೆ ಎಳೆದುಕೊಳ್ಳುತ್ತಿದ್ದರು. ಆ ಕಲೆಗಳ ಮಾತೆತ್ತಿದವರ ಜೊತೆ ಮಾತೇ ಬಿಡುತ್ತಿದ್ದರು.

ಮನೆ ಅವರದು, ನಾವು ಕೆಳಗಡೆ ಬಾಡಿಗೆಗೆ ಇದ್ದೆವು. ಲೆಕ್ಕದ ಟೀಚರಾಗಿ ನಿವೃತ್ತರಾಗಿದ್ದರು. ಬೀನ್ಸ್ ಯಾಕೆ ಬಾಡಿದೆ ಎಂದು ತರಕಾರಿ ಗಾಡಿಯವನನ್ನು ಕೇಳಿದರೆ, ಉತ್ತರ ಬರುವ ತನಕ ಗಾಡಿ ಮುಂದೆ ಹೋಗುವ ಹಾಗಿರಲಿಲ್ಲ. ನಿಮ್ಮ ಅಜ್ಜಿ ನಾನೋ ಬಾಯಿ ಬಿಡದವಳು. "ಕೇಳಿದ್ರೆ ನಾಲಿಗೆ ಸವೆಯುತ್ತೇನೇ?" ಎಂದು ಬೈಯುತ್ತಿದ್ದರು.

ಅನಘಾ, ನೀನು ಹುಟ್ಟುವ ಮುಂಚೆ ನನ್ನ ಕಣ್ಣಿನ ಪೊರೆ ತೆಗೆಸಬೇಕಿತ್ತು. ಅದಕ್ಕಾಗಿ ಮಾಡಿದ ರಕ್ತಪರೀಕ್ಷೆಯಲ್ಲಿ ಹೆಪಟೈಟಿಸ್ ಸಿ ಪಾಸಿಟಿವ್ ಎಂದು ಬಂತು. ನಿಮ್ಮಪ್ಪನ ಹೆರಿಗೆಯಲ್ಲಿ ನನಗೆ ರಕ್ತ ಕೊಟ್ಟಿದ್ದರು, ಆಗ ಬಂದಿರಬಹುದು ಎಂದರು ಡಾಕ್ಟರು. ಇನ್ನೊಂದು ಪರೀಕ್ಷೆಗೆ ಬರೆದುಕೊಟ್ಟರು. ಅದರಲ್ಲಿ ವೈರಸ್ ಇಲ್ಲ ಎಂದು ಬಂತು. ನನಗೇನೂ ಅರ್ಥವಾಗಲಿಲ್ಲ. ಎರಡೂ ಪರೀಕ್ಷೆಯ ಕಾಗದ ಮಡಚಿಕೊಂಡು ಡಾಕ್ಟರ ಮುಂದಿನಿಂದ ಎದ್ದೆ. ಜೊತೆಗೆ ಬಂದಿದ್ದ ಮಹಡಿ ಅಮ್ಮ ಏಳಲಿಲ್ಲ.

"ಯಾವ್ದು ನಿಜ ಡಾಕ್ಟ್ರೇ?"

"ಎರಡೂ ನಿಜಾನೇ. ವೈರಸ್ ಯಾವಾಗಲೋ ಬಂದಿತ್ತು ಅಂತ ಮೊದಲನೇದು ಹೇಳತ್ತೆ. ಈಗ ಇದೆಯಾ ಅಂತ ಎರಡನೇದು ಹೇಳತ್ತೆ. ಇವರ ಮೈ ಅದನ್ನ ತಾನೇ ಓಡಿಸಿದೆ. ಇದ್ದಿದ್ರೂ ಮಾತ್ರೆಯಲ್ಲಿ ವಾಸಿ ಮಾಡ್ತಿದ್ವಿ."

"ಮೊದಲನೇದು ನೆಗೆಟಿವ್ ಆಗೋದ್ಯಾವಾಗ?"

"ಆಗದೇನೂ ಇರಬಹುದು. ಅದು ಬಂದು ಹೋದ ಗುರುತು ಅಷ್ಟೆ."

"ಮೊಮ್ಮಗು ಬರ್ತಿದೆ. ಎತ್ಕೋಬಹುದಾ ಇವಳು?"

"ವೈರಸ್ ಇದ್ದವರೂ ಎತ್ಕೋಬಹುದಮ್ಮ. ಅದು ರಕ್ತದಿಂದ ಹರಡೋದು. ಮುಟ್ಟಿದ್ರೆ, ಜೊತೇಲಿ ಉಂಡ್ರೆ ಬರಲ್ಲ."

ನಿನ್ನ ನಾಮಕರಣದ ದಿನ ನಿನ್ನ ತಾಯಿಯ ತಾಯಿ, ನನ್ನ ಬೀಗಿತ್ತಿ, ತೊಟ್ಟಿಲಿಗೆ ಅಡ್ಡ ನಿಂತರು. ಮೊದಲ ಪರೀಕ್ಷೆಯ ಸುದ್ದಿಯಷ್ಟೇ ಅವರ ಕಿವಿಗೆ ಬಿದ್ದಿತ್ತು. ಮಗುವಿನ ಕಿವಿಯಲ್ಲಿ ಹೆಸರು ಹೇಳುವುದು ನಮ್ಮಲ್ಲಿ ತಂದೆಯ ತಾಯಿ.

"ಬೇಜಾರು ಮಾಡ್ಕೋಬೇಡಿ, ದೂರದಿಂದಲೇ ಹರಸಿಬಿಡಿ," ಎಂದರು. "ಎಳೇ ಕೂಸು. ಆ ಪಾಸಿಟಿವ್ ಅನ್ನೋದು ಅಳಿಸಿ ಹೋಗ್ಲಿ, ಆಮೇಲೆ ನೋಡೋಣ."

ಎರಡನೆಯ ಪರೀಕ್ಷೆಯಲ್ಲಿ ಏನು ಬಂದಿತ್ತೆಂದು ನಾನು ಹೇಳಬಹುದಿತ್ತು. ನಿಮ್ಮಪ್ಪ ನೆಲ ನೋಡುತ್ತಿದ್ದ. ಪುರೋಹಿತರು ಕೆಮ್ಮಿದರು. ನಾನು ಗೋಡೆಗೆ ಸರಿದೆ.

ಮಹಡಿ ಅಮ್ಮ ಕುರ್ಚಿಯಿಂದ ಎದ್ದರು. ಮಗುವಿಗೆಂದು ಇಟ್ಟಿದ್ದ ಒದ್ದೆ ಬಟ್ಟೆ ಎತ್ತಿಕೊಂಡು, ಅಷ್ಟು ಜನರ ಎದುರಿಗೆ ಮುಖವನ್ನು ಉಜ್ಜಿ ಉಜ್ಜಿ ಒರೆಸಿಕೊಂಡರು.

"ನೋಡ್ರೀ ಇಲ್ಲಿ. ಸಿಡುಬು! ಈಗ ತಾನೇ ನನ್ನ ಕೈಯಿಂದ ಕೋಸಂಬರಿ ಈಸ್ಕೊಂಡ್ರಲ್ಲ, ಭಯ ಆಗ್ಲಿಲ್ವಾ?"

"ಅಯ್ಯೋ, ಅದು ಎಂದೋ ಬಂದು ಹೋಗಿದ್ದು..."

"ಇವಳದ್ದೂ ಎಂದೋ ಬಂದು ಹೋಗಿದ್ದೇ! ಈಗಿಲ್ಲ ಅಂತ ಎರಡನೇ ಪರೀಕ್ಷೆ ಹೇಳಿದೆ. ಮೊದಲನೇದು ಬರೀ ಕಲೆ. ಕಲೆ ಅಳಿಸತ್ತಾ? ಆಯುಸ್ಸೆಲ್ಲಾ ಪೌಡರ್ ಬಳಿದೆ ಕಣ್ರೀ ನಾನು. ಅಳಿಸ್ತಾ?"

ಅವರು ನನ್ನ ಕಡೆ ತಿರುಗಿದರು.

"ಎಲ್ಲದಕ್ಕೂ ಕೇಳು ಕೇಳು ಅಂತಿದ್ದೆ ಅಲ್ವೇನೇ? ಇದಕ್ಕೆ ಯಾರನ್ನೂ ಕೇಳ್ಬೇಡ. ಹೋಗು, ಎತ್ಕೋ."

ಯಾರನ್ನೂ ಕೇಳಲಿಲ್ಲ. ಬೀಗಿತ್ತಿಯ ಪಕ್ಕದಲ್ಲೇ ಹಾದುಹೋಗಿ ನಿನ್ನನ್ನು ಎತ್ತಿಕೊಂಡೆ, ಅನಘಾ. ನಿನ್ನ ಹೆಸರನ್ನು ಕಿವಿಯಲ್ಲಿ ಪಿಸುಗುಟ್ಟಬೇಕಿತ್ತು. ಹಜಾರಕ್ಕೆಲ್ಲ ಕೇಳುವ ಹಾಗೆ ಹೇಳಿದೆ. ನೀನು ಬೆಚ್ಚಿಬಿದ್ದು ಅತ್ತೆ. ಆಗ ತೆಗೆದ ಫೋಟೊದಲ್ಲಿ ಮಹಡಿ ಅಮ್ಮ ನನ್ನ ಪಕ್ಕ ಇದ್ದಾರೆ. ಕೆನ್ನೆಯ ಮೇಲೆ ಪೌಡರೂ ಇಲ್ಲ, ಸೆರಗೂ ಇಲ್ಲ.

ಅವರು ತೀರಿಹೋದ ದಿನ ಯಾರೋ ಸಂಬಂಧಿಕರು ಮುಖಕ್ಕೆ ಪೌಡರ್ ಹಚ್ಚಲು ಬಂದರು. ಬೇಡ ಎಂದೆ. ಯಾಕೆ ಎಂದರು. ಬೇಡ ಎಂದು ಇನ್ನೊಮ್ಮೆ ಹೇಳಿದೆ, ಜೋರಾಗಿ.

ಮಕ್ಕಳೇ, ಆ ಫೋಟೊ, ಎರಡೂ ಪರೀಕ್ಷೆಯ ಕಾಗದ, ಈ ಹಾಳೆಗಳು ಇವೆಲ್ಲ ನನ್ನ ಟ್ರಂಕಿನಲ್ಲಿ ಒಟ್ಟಿಗಿವೆ. ಹಾಗೇ ಕಾಪಾಡಿ. ಪಾಸಿಟಿವ್ ಎಂದಿರುವುದನ್ನು ಯಾರಾದರೂ ಹರಿದುಹಾಕಿ ಎಂದರೆ ಹರಿಯಬೇಡಿ. ಅದು ನನ್ನ ಕಲೆ, ನಾನು ಮುಚ್ಚಿಕೊಳ್ಳುವುದಿಲ್ಲ.