ಕಂಡಕ್ಟರು ತೂತು ಹೊಡೆಯದ ಕಾಗದ

ಕಂಡಕ್ಟರು ಎದೆನೋವಿನಿಂದ ಸತ್ತರು ಎಂದು ನಮ್ಮ ಓಣಿಯವರು ಹೇಳುತ್ತಾರೆ. ಸುಳ್ಳು. ಹೊತ್ತಿಗೆ ಗಾಡಿ ಸಿಗದೆ ಸತ್ತರು. ಗಾಡಿ ಇತ್ತು, ಅವರದೇ ಇತ್ತು. ಅದನ್ನು ಗುಜರಿಗೆ ಹಾಕಿಸಿದವಳು ನಾನು.

ಅವರ ಬಲಗೈ ಹೆಬ್ಬೆರಳಿನ ಬುಡದಲ್ಲಿ ಹುಣಸೆಬೀಜದಷ್ಟು ಚರ್ಮ ಗಟ್ಟಿಯಾಗಿತ್ತು. ಮಹಾರಾಷ್ಟ್ರದ ಸರಕಾರಿ ಎಸ್.ಟಿ. ಬಸ್ಸಿನಲ್ಲಿ ಜನ್ಮವೆಲ್ಲ ಟಿಕೆಟಿಗೆ ತೂತು ಹೊಡೆದ ಗುರುತು. ಟಿಕೆಟಿನ ಮಷೀನು ಬಂದ ಮೇಲೆ ತೂತು ಹೊಡೆಯುವ ಹಳೆಯ ಪಂಚು ಅವರ ಹತ್ತಿರವೇ ಉಳಿಯಿತು. ನಿವೃತ್ತರಾಗಿ ಗಡಹಿಂಗ್ಲಜದಲ್ಲಿ ನಮ್ಮ ಪಕ್ಕದ ಮನೆಗೆ ಬಂದಾಗಲೂ ಅಂಗಿಯ ಕಿಸೆಯಲ್ಲಿ ಅದು ಇತ್ತು.

ಓಣಿಯಲ್ಲಿ ಯಾರಿಗೆ ಸರಕಾರಿ ಕಾಗದ ಬಂದರೂ ಅವರ ಕಟ್ಟೆಗೆ ಒಯ್ಯುತ್ತಿದ್ದೆವು. ಮರಾಠಿಯಲ್ಲಿದ್ದುದನ್ನು ಕನ್ನಡ ಮಾಡಿ, ಸ್ಟ್ಯಾಂಡಿನಲ್ಲಿ ಉತ್ತೂರ, ಆಜರಾ ಎಂದು ಕೂಗುತ್ತಿದ್ದ ಅದೇ ದನಿಯಲ್ಲಿ ಓದುತ್ತಿದ್ದರು. ಆಮೇಲೆ, "ಈಗ ನೀವು ತಿರುಗಿ ಹೇಳ್ರಿ" ಎನ್ನುತ್ತಿದ್ದರು. ಸರಿಯಾಗಿ ಹೇಳಿದರೆ ಕಾಗದದ ಮೂಲೆಗೆ ಟಿಕ್ ಎಂದು ಒಂದು ತೂತು. ತಪ್ಪಿದರೆ ಮತ್ತೆ ಮೊದಲಿಂದ. ನಾನು ಮೂರನೇ ಇಯತ್ತೆಗೇ ಶಾಲೆ ಬಿಟ್ಟವಳು, ಸಿಟ್ಟು ಬರುತ್ತಿತ್ತು.

"ನಾವೇನ ಸಾಲಿ ಹುಡುಗರೇನ್ರಿ?"

"ಅಕ್ಕಾರ, ಕೇಳಿ ಹೂಂ ಅಂದ್ರ ಆಗೂದಿಲ್ಲ. ತೂತಿಲ್ಲದ ಟಿಕೆಟ್ ಇದ್ದರೂ ಒಂದ, ಬಿಟ್ಟರೂ ಒಂದ. ಹೇಳ್ರಿ."

ಓಣಿಗೆಲ್ಲ ಅವರದೊಂದೇ ಗಾಡಿ, ಹಳೆಯ ಬಿಳಿ ಕಾರು. ನನ್ನ ಮಗಳ ಹೆರಿಗೆ ಕಷ್ಟವಾದಾಗ ಕೊಲ್ಲಾಪುರಕ್ಕೆ ಅದರಲ್ಲೇ ಒಯ್ದರು. "ನಿಪ್ಪಾಣಿ ಬಂತವಾ... ಕಾಗಲ ಬಂತವಾ... ಇನ್ನೊಂದ ಸ್ಟಾಪ್, ತಡೀವಾ" ಎಂದು ದಾರಿಯುದ್ದಕ್ಕೂ ಕೂಗಿದರು. ಮಗಳೂ ಉಳಿದಳು, ಮೊಮ್ಮಗನೂ ಉಳಿದ.

ಅದೇ ಮಗಳ ಗಂಡ ಇಚಲಕರಂಜಿಯಲ್ಲಿ ಹಳೆ ಗಾಡಿ ಒಡೆದು ಮಾರುವ ಧಂದೆ ಇಟ್ಟಿದ್ದಾನೆ. ಹದಿನೈದು ವರ್ಷ ದಾಟಿದ ಗಾಡಿಗಳನ್ನು ಗುಜರಿಗೆ ಹಾಕುವ ಸರಕಾರದ ಯೋಜನೆ ಬಂದಿದೆ ಎಂಬ ಸುದ್ದಿ ಹಬ್ಬಿದಾಗ ಅವನು ಬಂದು ಕಂಡಕ್ಟರ ಕಟ್ಟೆಯ ಮೇಲೆ ಕೂತ.

"ಕಾಕಾ, ಇನ್ನ ಸ್ವಲ್ಪ ದಿನಕ್ಕ ಪೊಲೀಸರು ಪುಕ್ಕಟೆ ಎತ್ಕೊಂಡ ಹೊಕ್ಕಾರ. ನನಗ ಕೊಟ್ರ ಕೈಗೆ ಏನರೆ ಹತ್ತತೈತಿ."

"ಎಲ್ಲಿ ಬರದೈತಿ?"

"ಎಲ್ಲಾರೂ ಅನ್ನಾಕತ್ತಾರ."

"ಎಲ್ಲಾರೂ ಅಂದ್ರ ಯಾರಪಾ? ಅವರ ಸಹಿ ಐತೇನು?"

ಮರುದಿನ ಗಾಡಿ ನೋಂದಣಿಯ ಆರ್‌ಟಿಒ ಕಚೇರಿಗೆ ನನ್ನನ್ನೂ ಕರೆದುಕೊಂಡು ಹೋದರು. ನೋಟಿಸಿನ ಹಲಗೆಯ ಮೇಲೆ ಒಂದೇ ಸಾಲು: ವಿವರಕ್ಕೆ ವೆಬ್‌ಸೈಟ್ ನೋಡಿ. ಕಿಟಕಿಯೊಳಗಿನವನು ತಲೆ ಎತ್ತದೆ, "ಕಾಕಾ, ಸಗ್ಳಂ ಆನ್‌ಲೈನ್ ಆಹೆ" ಎಂದ. ಎಲ್ಲ ಮೊಬೈಲಿನಲ್ಲಿದೆಯಂತೆ. ಕಂಡಕ್ಟರ ಮೊಬೈಲು ಗುಂಡಿ ಒತ್ತುವುದು. "ನಾ ಬಸ್ಸಿನ ಬೋರ್ಡ ಮನ್ಯಾಗ ಇಟ್ಟ ಬರ್ತಿದ್ನೇನ್ರಿ ಅಕ್ಕಾರ?" ಎಂದು ನನ್ನನ್ನು ಕೇಳಿ, ಅಲ್ಲೇ ನಿಂತು ಮಾಹಿತಿ ಹಕ್ಕಿನ ಅರ್ಜಿ ಬರೆದು ಕೊಟ್ಟರು.

ಉತ್ತರ ಬರುವವರೆಗೆ ಅವರು ತಡೆಯುತ್ತಿದ್ದರು. ತಡೆಯಗೊಡದವಳು ನಾನು. ಅಳಿಯ ದಿನಾ ಫೋನು ಮಾಡಿ ನನ್ನ ಕಿವಿ ತುಂಬಿದ, ನಾನು ಅವರ ಕಿವಿ ತುಂಬಿದೆ.

"ಕಾಗದ ಬರೂತನಾ ಗಾಡಿ ಉಳಿತೈತೇನ್ರಿ? ಅಂವಾ ನಮ್ಮಾಂವ ಅದಾನ. ಮೋಸ ಮಾಡ್ತಾನೇನು?"

ಕೈಯಲ್ಲಿದ್ದ ಪಂಚು ಕಿಸೆಗೆ ಇಟ್ಟರು. "ನೀವು ಅಂತೀರಂದ್ರ ಆತ ಬಿಡ್ರಿ" ಎಂದರು. ಬರೆದಿರದ ಮಾತನ್ನು ಅವರು ನಂಬಿದ್ದು ಅದೊಂದೇ ಸಲ.

ಗಾಡಿ ಅಳಿಯನ ಅಂಗಡಿಗೆ ಹೋದ ಎಂಟನೇ ದಿನ ಅರ್ಜಿಗೆ ಉತ್ತರ ಬಂತು. ಸ್ವಂತದ ಕಾರು ಹದಿನೈದು ವರ್ಷ ದಾಟಿದರೂ ತಪಾಸಣೆಯಲ್ಲಿ ಪಾಸಾದರೆ ಓಡಿಸಬಹುದು. ಗುಜರಿಗೆ ಹಾಕುವುದು ಮಾಲಕನ ಇಚ್ಛೆ. ಹಾಕಿದರೂ ಸರಕಾರ ಒಪ್ಪಿದ ಕೇಂದ್ರಕ್ಕೇ ಹಾಕಿ ಪ್ರಮಾಣಪತ್ರ ತೆಗೆದುಕೊಳ್ಳಬೇಕು. ಕಂಡಕ್ಟರು ನನ್ನ ಬಾಗಿಲಲ್ಲಿ ನಿಂತು ಇದಿಷ್ಟನ್ನೂ ಓದಿದರು. "ತಿರುಗಿ ಹೇಳ್ರಿ ಅಕ್ಕಾರ" ಎಂದರು. ಒಲೆಯ ಮೇಲೆ ಹಾಲಿದೆ ಎಂದು ಒಳಗೆ ಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ.

ಅಳಿಯನಿಗೆ ಫೋನು ಮಾಡಿದೆ. "ಒಡದ ಹಾಕೇನಿ ಅತ್ತಿ, ಈಗೇನ ತಿರುಗಿ ಜೋಡಸ್ಲ್ಯಾ?" ಎಂದು ನಕ್ಕ.

ಮಳೆಗಾಲದ ಒಂದು ಮಧ್ಯಾಹ್ನ ಕಂಡಕ್ಟರು ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕುಸಿದರು. ಆಂಬುಲೆನ್ಸು ಬೇರೆ ಹಳ್ಳಿಗೆ ಹೋಗಿತ್ತು. ಕಾರು ಓಡಿಸಲು ಬರುವವರು ನಾಲ್ಕು ಜನ ಅಲ್ಲೇ ಕೈಕಟ್ಟಿ ನಿಂತಿದ್ದರು. ಕಾರು ನಿಲ್ಲುತ್ತಿದ್ದ ಜಾಗದಲ್ಲಿ ಎಣ್ಣೆಯ ಕಲೆಯಷ್ಟೇ ಇತ್ತು. ರಿಕ್ಷಾ ಬರುವುದರೊಳಗೆ ಮುಗಿದುಹೋಯಿತು.

ಮಣ್ಣು ಮಾಡಿ ಬಂದ ಮೇಲೆ ಅವರ ಹೆಂಡತಿ ನನ್ನ ಕೈಗೆ ಪಂಚು ಮತ್ತು ಆ ಉತ್ತರದ ಕಾಗದ ಕೊಟ್ಟಳು. ಕಾಗದದ ಬೆನ್ನಿಗೆ ಎಲ್ಲವನ್ನೂ ಕನ್ನಡದಲ್ಲಿ, ನನಗೆ ಓದಲು ಬರುವಷ್ಟು ದಪ್ಪ ಅಕ್ಷರದಲ್ಲಿ ಬರೆದಿಟ್ಟಿದ್ದರು. ಮೂಲೆಯಲ್ಲಿ ತೂತು ಇರಲಿಲ್ಲ.

"ಅಕ್ಕಾರು ಇನ್ನೂ ತಿರುಗಿ ಹೇಳಿಲ್ಲ, ಅಂತಿದ್ರು" ಎಂದಳು.

ಮರುದಿನ ಬೆಳಿಗ್ಗೆ ಮೊದಲ ಬಸ್ಸು ಹಿಡಿದು ಇಚಲಕರಂಜಿಗೆ ಹೋಗಿ ಅಳಿಯನ ಅಂಗಡಿಯ ಬಾಗಿಲಲ್ಲಿ ಕೂತೆ. ದಾನೋಳಿ ಹಳ್ಳಿಯ ಕಡೆಯವನೊಬ್ಬ ಗುಜರಿಗೆಂದು ಹಳೆಯ ಕಾರು ತಂದು ನಿಲ್ಲಿಸಿದ. "ಅತ್ತಿ, ಒಳಗ ನಡೀರಿ, ಚಾ ಕುಡೀರಿ" ಎಂದ ಅಳಿಯ. ನಾನು ಏಳಲಿಲ್ಲ. ಕಾಗದದ ಬೆನ್ನು ತಿರುಗಿಸಿ, ಅಕ್ಷರಕ್ಕೆ ಅಕ್ಷರ ಕೂಡಿಸಿ, ರಸ್ತೆಗೆ ಕೇಳುವಂತೆ ಓದಿದೆ. "ತಿರುಗಿ ಹೇಳಪಾ" ಎಂದೆ ಕಾರು ತಂದವನಿಗೆ. ಅವನು ಹೇಳಿದ. ಕಾರು ತಿರುಗಿಸಿಕೊಂಡು ಹೋದ.

ಆಮೇಲೆ ಅಳಿಯನ ಮುಖ ನೋಡುತ್ತ, ಕಾಗದ ನೋಡದೆ, ಮೊದಲಿಂದ ಕೊನೆಯವರೆಗೆ ನಾನು ಹೇಳಿದೆ. ಕಾಗದದ ಮೂಲೆಗೆ ಪಂಚು ಹಿಡಿದೆ, ಅದು ಭಾಳ ಬಿರುಸಾಗಿತ್ತು. ಎರಡೂ ಕೈ ಹಚ್ಚಿ ಒತ್ತಬೇಕಾಯಿತು.