ನೋವಿಲ್ಲದ ಗಾಯ

ನನ್ನ ಸೋದರತ್ತೆ ಹುನಗುಂದದ ಕನ್ನಡ ಸಾಲಿಯಲ್ಲಿ ಪಾಠ ಹೇಳುವ ಅಕ್ಕೋರಾಗಿದ್ದಳು. ಅವಳ ಬಾಯಿಗೆ ಹೆದರಿ ಸಾಲಿಯ ಗಂಟೆಯೂ ಹೊತ್ತಿಗೆ ಸರಿಯಾಗಿ ಬಾರಿಸುತ್ತದೆ ಎಂದು ನಾವು ನಗುತ್ತಿದ್ದೆವು. ಇಳಕಲ್ ಸೀರೆಯ ಸೆರಗು ಹೆಗಲಿನಿಂದ ತುಸು ಜಾರಿದರೂ ಅವಳಿಗೆ ಸೇರುತ್ತಿರಲಿಲ್ಲ. ಎಂಬತ್ತರ ದಶಕದ ಕೊನೆಗೆ ಅವಳ ಎಡಮೊಲೆಗೆ ಕ್ಯಾನ್ಸರ್ ಆಯಿತು. ಮುಂಬಯಿಯಲ್ಲಿದ್ದ ಮಗ ಅಲ್ಲಿಗೇ ಕರೆದೊಯ್ದು ಆಪರೇಷನ್ ಮಾಡಿಸಿದ. ಮೊಲೆ ತೆಗೆದ ಜಾಗದಲ್ಲಿ, ಚರ್ಮದ ಕೆಳಗೆ, ಸಿಲಿಕೋನಿನ ಮೆತ್ತನೆಯ ಚೀಲವೊಂದನ್ನು ಕೂಡಿಸಿ ಕಳಿಸಿದರು. ಅಂಥದೊಂದು ಲೋಕದಲ್ಲಿ ಇದೆ ಎಂಬುದನ್ನೇ ನಾವು ಕೇಳಿರಲಿಲ್ಲ. ಅತ್ತೆ ಮಾತ್ರ ಕನ್ನಡಿಯ ಮುಂದೆ ಸೆರಗು ಸರಿಮಾಡಿಕೊಂಡು, "ದೇವರು ಕೊಟ್ಟದ್ದು ಯಾವದು, ಡಾಕ್ಟರ್ ಕೊಟ್ಟದ್ದು ಯಾವದು, ಹೇಳು ನೋಡೂಣು" ಎಂದು ನನ್ನನ್ನೇ ಕಾಡಿಸಿದಳು.

ಅವಳಿಗೆ ಎಡಗೈ ಮೇಲೆತ್ತಲು ಆಗುತ್ತಿರಲಿಲ್ಲ. ತಲೆಗೆ ಎರೆಯಲು ನಾನೇ ಹೋಗುತ್ತಿದ್ದೆ. ಕೆಲವು ತಿಂಗಳಾದ ಮೇಲೆ ಒಂದು ದಿನ ಕುಪ್ಪಸ ಬಿಚ್ಚಿದಾಗ ಆ ಹೊಸ ಮೊಲೆ ಕೆಂಪಗಿತ್ತು, ಮುಟ್ಟಿದರೆ ಸುಡುತ್ತಿತ್ತು. ಇಷ್ಟಲಿಂಗವಿಡುವ ಬೆಳ್ಳಿಯ ಕರಡಿಗೆ ಕೊರಳಿನಿಂದ ಇಳಿದು, ಬಿಗಿ ಕುಪ್ಪಸದೊಳಗೆ ಅಲ್ಲೇ ಒತ್ತಿಕೊಂಡಿತ್ತು. ಎತ್ತಿ ನೋಡಿದರೆ ಕೆಳಗೊಂದು ಗಾಯ. ಗಾಯದ ಆಳದಲ್ಲಿ ಏನೋ ಹೊಳೆಯುತ್ತಿತ್ತು. ರಕ್ತವಲ್ಲ, ಕೀವಲ್ಲ, ಎಲುಬಲ್ಲ. ಮನುಷ್ಯರ ಮೈಯೊಳಗೆ ಮನುಷ್ಯರೇ ಮಾಡಿದ ವಸ್ತುವನ್ನು ಕಂಡು ನೀರಿನ ತಂಬಿಗೆ ಕೆಳಗಿಟ್ಟೆ.

"ಅತ್ತೀ, ನೋಯಂಗಿಲ್ಲೇನು?"

"ಏನು ನೋಯೂದು? ಲಗೂ ನೀರು ಹಾಕು, ಥಂಡಿ ಹತ್ತೇತಿ."

ಅದು ಥಂಡಿಯಲ್ಲ, ಜ್ವರ. ಅಂದೇ ಬಸ್ಸು ಹತ್ತಿಸಿ ಬಾಗಲಕೋಟೆಗೆ ಕರೆದುಕೊಂಡು ಹೋದೆ.

ಅಲ್ಲಿನ ದವಾಖಾನೆಯ ಲೇಡಿ ಡಾಕ್ಟರ್ ಗಾಯವನ್ನು ಬಹಳ ಹೊತ್ತು ನೋಡಿದರು. "ಈ ಜಾಗಾದ ನರ ಆಪರೇಷನ್ನಿನಾಗ ಹೋಗ್ಯಾವ್ರಿ ಅಕ್ಕೋರ. ಕರಡಗಿ ಅಂಚು ತಿಕ್ಕಿದ್ದು ನಿಮಗ ಗೊತ್ತಾಗಿಲ್ಲ. ಅಲ್ಲಿಂದ ಕ್ರಿಮಿ ಹೊಕ್ಕು, ಕೊಡದ ಒಳಗ ಪಾಚಿ ಹಿಡಿದಂಗ ಆ ಚೀಲಕ್ಕ ಹಿಡಿದಾವು. ಅದರಾಗ ರಕ್ತ ಹರಿಯಂಗಿಲ್ಲ, ಔಷಧ ಮುಟ್ಟಂಗಿಲ್ಲ. ತಗೀಲೇಬೇಕು. ಇಲ್ಲಂದ್ರ ನಂಜು ಏರಿ ಜೀವಕ್ಕ ಬರ್ತೈತಿ."

ಅತ್ತೆ ಅಳುತ್ತಾಳೆ ಎಂದುಕೊಂಡೆ. ಅವಳಿಗೆ ಬೇರೆಯದೇ ಸಂಕಟ. "ನನ್ನ ಮೈ ನನಗ ಹೇಳಲಿಲ್ಲಲ್ಲರಿ," ಎಂದಳು. "ಇಷ್ಟು ದೊಡ್ಡ ಗಾಯ ಆದ್ರೂ ಒಂದು ಮಾತು ಹೇಳಲಿಲ್ಲ." ಅವಳು ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಮೊದಲ ಸಲ ಕೇಳಿದೆ.

ಆಪರೇಷನ್ನಿಗೆ ಒಯ್ಯುವ ಮುಂಚೆ, ಲಿಂಗ ಮೈ ಬಿಟ್ಟಿರಬಾರದೆಂದು ಅದನ್ನು ಅರಿವೆಯಲ್ಲಿ ಸುತ್ತಿ ಬಲತೋಳಿಗೆ ಕಟ್ಟಿದೆ. ಡಾಕ್ಟರ್ ಬೇಡವೆನ್ನಲಿಲ್ಲ. ಆಪರೇಷನ್ ಆಗಿ ಎಚ್ಚರವಾದ ಮೇಲೆ ಅತ್ತೆ ಆ ಚೀಲವನ್ನು ನೋಡಬೇಕೆಂದು ಹಟ ಹಿಡಿದಳು. ತೊಳೆದು ತಟ್ಟೆಯಲ್ಲಿ ತಂದರು. ತಿಳಿನೀರಿನಂತೆ ಇತ್ತು, ಆಚೆಬದಿಯ ತಟ್ಟೆಯೂ ಕಾಣುತ್ತಿತ್ತು. ನನಗೆ ಕಣ್ಣು ಕೀಳಲಾಗಲಿಲ್ಲ. "ನಿಂದೇನೂ ತಪ್ಪಿಲ್ಲ ತಾಯಿ," ಎಂದು ಅದಕ್ಕೆ ಹೇಳಿ ಅತ್ತೆ ಮಗ್ಗುಲಾದಳು.

ಜ್ವರ ಬಿಟ್ಟಿತು. ಮನೆಗೆ ಬಂದ ಮೇಲೆ ಪಟ್ಟಿ ಬದಲಿಸುವ ಕೆಲಸ ನನ್ನದೇ ಆಯಿತು. ಅವಳು ಕಿಟಕಿಯಾಚೆ ನೋಡುತ್ತ ಕೂತಿರುತ್ತಿದ್ದಳು, ಬೇರೆ ಯಾರದೋ ಮೈಗೆ ಔಷಧ ಹಚ್ಚುತ್ತಿದ್ದಾರೆ ಎನ್ನುವ ಹಾಗೆ. ಗಾಯ ಮಾಯುತ್ತ ಬಂದಾಗ ಒಂದು ಮುಂಜಾನೆ ಔಷಧದ ಹತ್ತಿ ಅದರ ಅಂಚಿಗೆ ತಾಗಿತು.

"ಹಾ!" ಎಂದು ಅವಳು ನನ್ನ ಮುಂಗೈ ಹಿಡಿದಳು.

ಹೆದರಿ ಕೈ ಹಿಂದೆ ತೆಗೆದೆ. ಅವಳ ಕಣ್ಣಲ್ಲಿ ನೀರು, ಮುಖ ಮಾತ್ರ ಅರಳಿತ್ತು.

"ಉರೀತು," ಎಂದಳು. "ಖರೇನ ಉರೀತು. ಇನ್ನೊಮ್ಮಿ ಹಚ್ಚು."