ಜ್ವರಕ್ಕೆ ಕೂತ ಬೀದಿಯಲ್ಲಿ ಹೊಗೆ ಅಲಾರಂ

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಆದರೂ ನನ್ನ ವೈರಿಂಗ್ ಕೆಲಸಕ್ಕೆ ಇವತ್ತಿನವರೆಗೂ ಯಾರೂ ಬೊಟ್ಟು ಮಾಡಿದ್ದಿಲ್ಲ. ಅಕ್ಕೂರಿನ ಕಡೆ ರೇಷ್ಮೆಹುಳು ಸಾಕುವ ಮನೆಗಳಿಗೆ ಪಂಚಾಯ್ತಿಯವರು ಪುಕ್ಕಟೆ ಕೊಟ್ಟಿದ್ದ ಹೊಗೆ ಅಲಾರಂಗಳಲ್ಲಿ ಎಷ್ಟು ಕೆಲಸ ಮಾಡುತ್ತಿವೆ ಎಂದು ನೋಡಿ ಬರೆಯಲು ನನ್ನನ್ನು ಕರೆದಾಗ ಹೆಮ್ಮೆಯಿಂದಲೇ ಹೋದೆ. ಚಳಿಗೆ ಹುಳುವಿನ ಕೋಣೆಯಲ್ಲಿ ಕೆಂಡ ಇಡುತ್ತಾರೆ, ಪಕ್ಕದಲ್ಲೇ ಮಕ್ಕಳು ಮಲಗುತ್ತವೆ. ಅಲಾರಂನ ಗುಂಡಿ ಒತ್ತಬೇಕು, ಕೂಗಿದರೆ ಹಾಳೆಯಲ್ಲಿ ಸರಿ ಗುರುತು.

ಅವತ್ತು ಇಡೀ ಬೀದಿಯ ಹುಳುಗಳು ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಮುಂಚೆ ಮೇವು ಬಿಟ್ಟು, ತಲೆ ಎತ್ತಿ, ಅಲುಗದೆ ಇರುತ್ತವಲ್ಲ, ಅದು ಜ್ವರ. ಆಗ ಮನೆಯವರೂ ಪಿಸುಮಾತಿಗೆ ಇಳಿಯುತ್ತಾರೆ. ಅರೆಗತ್ತಲು, ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ, ತಟ್ಟೆ ತಟ್ಟೆಯಲ್ಲಿ ಸಾವಿರಾರು ಬಿಳಿ ತಲೆಗಳು ಮೇಲೆ ನೋಡುತ್ತಿದ್ದವು. ಯಾರದೋ ಕನಸಿನೊಳಗೆ ಚಪ್ಪಲಿ ಬಿಟ್ಟು ನಡೆದಂತಿತ್ತು. ಅಂಥ ಕಡೆ ಗುಂಡಿ ಒತ್ತಲು ಕೈ ಬರಲಿಲ್ಲ. ಸೂರಿನಲ್ಲಿ ಅಲಾರಂ ಕಂಡರೆ ಸಾಕೆಂದು ಒಂದು ಸಾಲು ಪೂರಾ ಸರಿ ಹಾಕಿಕೊಂಡು ಬಂದೆ.

ಸಾಲಿನ ಕೊನೆಯ ಮನೆಯ ಅಜ್ಜಿ ನನ್ನ ಹಾಳೆಯನ್ನೇ ನೋಡುತ್ತಿದ್ದಳು.

“ಒತ್ತದೇನೆ ಬರ್ಕೊತೀಯಲ್ಲಪ್ಪ. ಅದೇನ್ ದೇವ್ರು ಪಟ್ವಾ, ನೋಡಿ ಕೈಮುಗಿದು ಓಗಕ್ಕೆ?”

“ಹುಳ ಜ್ವರಕ್ಕೆ ಕೂತವಲ್ಲವ್ವ. ಬೆಚ್ಚಿದ್ರೆ?”

“ಕಿತ್ಕೊಂಡು ಆಚೆಗೋಗಿ ಒತ್ತು. ಬುದ್ಧಿ ಬ್ಯಾಡ್ವಾ?”

ಹೊಂಗೆ ಮರದಡಿ ನಿಂತು ಒತ್ತಿದೆ. ಸದ್ದಿಲ್ಲ. ಮುಚ್ಚಳ ತೆಗೆದರೆ ಒಳಗೆ ಸೆಲ್ಲೇ ಇಲ್ಲ.

ಅಜ್ಜಿ ನಕ್ಕಳು. “ಒಗ್ಗರಣೆಗೂ ಕಿರುಚ್ಕೊತದೆ ಮುಂಡೇದು. ಜ್ವರಕ್ಕೆ ಕೂತ್ರೆ ನಮ್ ಬೀದೀಲಿ ಎಲ್ರೂ ಸೆಲ್ ಕಿತ್ತಿಡ್ತೀವಿ. ಆಮೇಲ್ ಹಾಕದು ಮರೆತೋಯ್ತದೆ.”

ನಾನು ಯಾವ ಮೌನಕ್ಕೆ ಮರ್ಯಾದೆ ಕೊಟ್ಟಿದ್ದೆನೋ, ಅದೇ ಮೌನಕ್ಕಾಗಿ ಅವರು ಸೆಲ್ ತೆಗೆದಿದ್ದರು. ನನ್ನ ಹಾಳೆಯನ್ನು ನಂಬಿದರೆ ಅಲಾರಂ ನೋಡಲು ಈ ಮನೆಗಳಿಗೆ ಮತ್ತೆ ಯಾರೂ ಬರುವುದಿಲ್ಲ. ಕೆಂಡ ಮಾತ್ರ ರಾತ್ರಿಯಿಡೀ ಇರುತ್ತದೆ.

“ಬರ್ಕೊಂಡಿದ್ದೆಲ್ಲಾನೂ ಹೊಡೆದಾಕ್ತೀಯಾ?” ಅಜ್ಜಿ ಕೇಳಿದಳು.

ಅಷ್ಟೂ ಸರಿ ಗುರುತಿನ ಮೇಲೆ ಗೀಟು ಎಳೆದೆ. ಮೊದಲ ಮನೆಗೆ ವಾಪಸ್ ಹೋಗಿ, ಅಲಾರಂ ಆಚೆ ತರಲೇ ಎಂದು ಪಿಸುಗುಟ್ಟಿದೆ. ಮನೆಯಾಕೆ ಸೆಲ್ ಎಲ್ಲಿಟ್ಟೆನೋ ಎಂದು ಡಬ್ಬಿ ಡಬ್ಬಿ ಹುಡುಕತೊಡಗಿದಳು. ನಾನು ಜಗಲಿಯ ಮೇಲೆ ಕೂತೆ. ಅದು ಸಿಗುವವರೆಗೂ ಎದ್ದು ಮುಂದಿನ ಮನೆಗೆ ಹೋಗಲಿಲ್ಲ.